ಮೂಗಿನ ಕೂಲಿ

ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಉರಿಯುತ್ತದೆ,
ಕೈ ಬಿಟ್ಟರೆ ಆರುತ್ತದೆ.
ಇಷ್ಟೇ ದೂರು.
ಅದನ್ನೇ ದಸ್ತಗೀರ ಬಾಗವಾನ ಫೋನಿನಲ್ಲಿ
ಮೂರು ಭಾಷೆಯಲ್ಲಿ ಹೇಳಿದ,
ಕಡೆಗೆ ಕನ್ನಡದಲ್ಲಿ ಬೈದ.

ನಸುಕಿನ ನಾಲ್ಕೂವರೆ. ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಹಿಂದೆ
ಬೇಕರಿಯ ಷಟರ್ ಅರ್ಧ ಎತ್ತಿದೆ.
ಒಳಗೆ ನಲವತ್ತು ತಾಟು ಖಾರಿ
ಪದರು ಪದರಾಗಿ ಮಡಚಿಕೊಂಡು ಕಾದಿವೆ;
ಭಟ್ಟಿ ಮಾತ್ರ ಬಾವಿಕಟ್ಟೆಯಷ್ಟು ತಣ್ಣಗೆ.

ಮಲಕಪ್ಪ ಮಾವ ಚೀಲ ಇಳಿಸಲಿಲ್ಲ,
ಬಾಗಿಲಲ್ಲೇ ನಿಂತು ನನ್ನ ಕಡೆ ನೋಡಿದ.
ಅದು ನಮ್ಮಿಬ್ಬರ ಒಪ್ಪಂದ.
ಹೋದ ವರ್ಷದ ಜ್ವರ ಹೋಗುವಾಗ
ಅವನ ಮೂಗನ್ನೂ ಕರಕೊಂಡು ಹೋಯಿತು:
ಒಗ್ಗರಣೆ ಇಲ್ಲ, ಮಣ್ಣಿಲ್ಲ, ಮೊಮ್ಮಗನ ನೆತ್ತಿಯಿಲ್ಲ,
ಗ್ಯಾಸೂ ಇಲ್ಲ.
ಗ್ಯಾಸಿನ ಮಿಸ್ತ್ರಿಗೆ ಮೂಗಿಲ್ಲವೆಂದರೆ
ಸೊಲ್ಲಾಪುರದಿಂದ ದುಧನಿ ತನಕ ಯಾರು ಕರೆಯುತ್ತಾರೆ?
ಅದಕ್ಕೇ ನಾನು. ಐಟಿಐ ಪಾಸು.
ದಿನಗೂಲಿ ಕೈಗೆ ಅಂತ ಲೆಕ್ಕ,
ನಿಜವಾಗಿ ಮೂಗಿಗೆ.

ನೆಲಕ್ಕೆ ಬಗ್ಗಿದೆ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ,
ಮೂಲೆ ಹಿಡಿದು ಮಲಗುತ್ತದೆ, ಬೆಕ್ಕಿನ ಹಾಗೆ.
ಮೈದಾ, ವನಸ್ಪತಿ, ಇಲಿ, ಹಳೆಯ ಹೊಗೆ,
ಅದರ ಕೆಳಗೆ ಎಳೆಯಷ್ಟು ಕೊಳೆತ ಉಳ್ಳಾಗಡ್ಡಿ.
ಗಲ್ಲ ಕೆರೆದುಕೊಂಡೆ. ಇದೆ ಅಂತ ಅರ್ಥ.
"ಎರಡೂ ಬಾಗಲಾ ತಗೀರಿ. ಫ್ಯಾನ್ ಮುಟ್ಟಬ್ಯಾಡ್ರಿ.
ಹತ್ತು ನಿಮಿಷ ಯಾರೂ ಬೀಡಿ ಅನ್ನಬ್ಯಾಡ್ರಿ," ಅಂದ ಮಾವ
ತನಗೇ ಬಂದ ವಾಸನೆಯೆಂಬ ಗತ್ತಿನಲ್ಲಿ.

ಆಮೇಲೆ ಹಚ್ಚಿದೆವು.
ನೀಲಿ ಇರಬೇಕಾದ ಉರಿ ಹಳದಿ,
ಬಾಗಿ, ತೊದಲುತ್ತಾ,
ಪಕ್ಕದ ಕಂಬಿಯನ್ನು ನೆಕ್ಕಿಯೂ ನೆಕ್ಕದ ಹಾಗೆ.
ಥರ್ಮೋಕಪಲ್ ಅಂದರೆ ಆ ಕಂಬಿಯೇ:
ತುದಿ ಕೆಂಪಾದರೆ ಚೂರು ವಿದ್ಯುತ್ತು,
ಆ ಚೂರೇ ಸಾಕು ಒಳಗಿನ ಕವಾಟ ತೆರೆದಿರಲು.
ಮೀಟರು ಹನ್ನೊಂದು ತೋರಿಸಿತು. ಇಪ್ಪತ್ತೈದಾದರೂ ಬೇಕು.
"ಕಂಬಿ ಹೊಸಾದು ಹಾಕು," ದಸ್ತಗೀರ ಕಿಸೆ ಮುಟ್ಟಿಕೊಂಡ.
"ಕಂಬೀದೇನು ತಪ್ಪು? ಕಾಸೂ ಉರಿಗೇ ಉಸಿರಿಲ್ಲ."

ಮಾವನ ಅಪ್ಪ ಮೈಂದರ್ಗಿಯಲ್ಲಿ ಆವಿಗೆ ಹಾಕುತ್ತಿದ್ದ,
ಗಡಿಗೆ ಬೆಂದದ್ದು ಹೊಗೆಯ ವಾಸನೆಯಲ್ಲೇ ತಿಳಿಯುತ್ತಿತ್ತಂತೆ.
ಒಮ್ಮೆ ಹೇಳಿದ ಇದನ್ನ.
ಎರಡನೆಯ ಸಲ ಕೇಳಿದರೆ ಸ್ಪ್ಯಾನರು ಹುಡುಕಿದ.

ಕಿರುಬೆರಳಷ್ಟು ಹಿತ್ತಾಳೆ ಮೂತಿ ಬಿಚ್ಚಿ ಕೊಟ್ಟ.
ಸೂಜಿ ಚುಚ್ಚಬಾರದು, ತೂತು ಕೂದಲೆಳೆ ದೊಡ್ಡದಾದರೂ
ಹದ ತಪ್ಪುತ್ತದೆ.
ಊದಿದೆ. ಸ್ಪಿರಿಟ್ಟಿನಲ್ಲಿ ಅದ್ದಿ ಮತ್ತೆ ಊದಿದೆ.
ಅಂಗೈಗೆ ಬಿದ್ದದ್ದು ಬಿಳಿ ನೂಲಿನ ಉಂಡೆ,
ಒಳಗೊಂದು ಒಣಗಿದ ಜೇಡ,
ಸಾಸಿವೆಗಿಂತ ಚಿಕ್ಕದು, ಕಾಲು ಮಡಚಿಕೊಂಡು.
ಈ ನಾತ ಅವಕ್ಕೆ ಸೇರುತ್ತದಂತೆ,
ಹುಡುಕಿಕೊಂಡು ಬಂದು ಮನೆ ಮಾಡುತ್ತವಂತೆ.
ಮಾವ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ.
"ನನಗ ಬರಲಾರದ್ದು ಇದಕ್ಕ ಬರತದ, ನೋಡವ್ವಾ."
ಎಸೆಯಲಿಲ್ಲ,
ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಇಟ್ಟುಕೊಂಡ.

ಜೋಡಣೆಗಳಿಗೆ ಸಾಬೂನು ನೀರು ಬಳಿದೆ.
ಹಿಂದಿನದರಲ್ಲಿ ಒಂದೇ ಗುಳ್ಳೆ ಉಬ್ಬಿತು,
ಕಾಲು ಸುತ್ತು ಬಿಗಿದರೆ ಸತ್ತಿತು.
ಹಚ್ಚಿ, ಅರವತ್ತು ಎಣಿಸಿ, ಕೈ ಬಿಟ್ಟೆ.

ನಿಂತಿತು.
ಉಗುರಿನಷ್ಟು ನೀಲಿ.

ಮೊದಲ ತಾಟು ಹೊರಬಿದ್ದಾಗ ದಸ್ತಗೀರ
ಬೇಕೆಂದೇ ಮಾವನ ಮೂಗಿನ ಕೆಳಗೆ ಹಿಡಿದ:
"ಹೆಂಗದ ವಾಸನಿ, ಮಿಸ್ತ್ರಿ?"
ಮಾವ ನನ್ನ ಕಡೆ ನೋಡಿದ.
ಇದಕ್ಕೆ ನಾವು ಸನ್ನೆ ಮಾಡಿಕೊಂಡಿರಲಿಲ್ಲ.
"ಜೀರಿಗಿ ಮುಂದಾಗೇದ," ಅಂದೆ, ಬಾಯ್ತುಂಬ ಖಾರಿ.
"ಹೌದು, ಜೀರಿಗಿ," ಅಂದ ಮಾವ.
ದಸ್ತಗೀರ ರೊಕ್ಕ ಎಣಿಸಿ ಎರಡು ಪೊಟ್ಟಣ ಕಟ್ಟಿದ,
ನನ್ನದನ್ನು ತುಸು ದೊಡ್ಡದು.

ಊರು ದಾಟಿದ ಮೇಲೆ, ಗಾಡಿಯ ಮೇಲೆ, ಕೇಳಿದ:
"ಜೀರಿಗಿ ಬಿಟ್ಟು ಮತ್ತೇನಿತ್ತು?"
ಅಂಚು ಸೀದದ್ದು, ಅಂದೆ. ಬಿಸಿ ತಗಡು.
ಹಿಟ್ಟು ಹಿಟ್ಟಲ್ಲದಾಗುವ ಹೊತ್ತಿನದೊಂದು,
ಅದಕ್ಕೆ ಹೆಸರು ಗೊತ್ತಿಲ್ಲ ಮಾವಾ.
"ಇರಲಿ. ಹಂಗ ಹೇಳು."
ವಳಸಂಗ ಬರುವ ತನಕ ಹೇಳಿದೆ.
ಅಲ್ಲಿ ಕಬ್ಬಿನ ಲಾರಿಯ ಹೊಗೆ ಅಡ್ಡ ಬಂತು,
ಸುಮ್ಮನಾದೆ.
"ಮುಂದ?" ಅಂದ.