ಸಮಮಟ್ಟ

ಔಟ್ಯೋ ಊರಿನಾಚೆ, ಓಪುವೊ ದಾರಿಗೆ ಮುಖಮಾಡಿದ ನನ್ನ ಗ್ಯಾರೇಜಿಗೆ
ಹಾನೆಕ್ಕೆ ಬರುವುದು ವರ್ಷಕ್ಕೆ ಎರಡು ಸಲ,
ಬಂದಾಗಲೆಲ್ಲ ಏನೋ ಒಂದನ್ನು ಬಿಗಿಸಿಕೊಂಡು ಹೋಗುವುದು.
ಮೊದಲು ಮೂತಿಗೆ ಉಕ್ಕಿನ ಬಂಪರು.
ಆಮೇಲೆ ಅದರ ಹೊಟ್ಟೆಯೊಳಗೊಂದು ವಿಂಚು.
ಎರಡನೇ ಬ್ಯಾಟರಿ. ಎರಡನೇ ಸ್ಟೆಪ್ನಿ.
ತೊಂಬತ್ತು ಲೀಟರಿನ ಹೆಚ್ಚುವರಿ ಟ್ಯಾಂಕು.
ಟಾಪಿನ ಮೇಲೆ ಮಡಚುವ ಡೇರೆ, ಡೇರೆಗೊಂದು ಏಣಿ.
ದೂರ ನಿಂತು ನೋಡುತ್ತೇನೆ:
ಗಾಡಿ ಒಂದು ಬೆರಳೂ ತಗ್ಗಿಲ್ಲ.

ನಾನು ಕಲಿತದ್ದು ಪಟ್ಟಿ ಸ್ಪ್ರಿಂಗಿನ ಕಾಲದಲ್ಲಿ.
ಹತ್ತು ಚೀಲ ಜೋಳದ ಹಿಟ್ಟು ಹೇರಿದರೆ
ಹಳೆಯ ಪಿಕಪ್ಪು ಹಿಂದಕ್ಕೆ ಕುಳಿತು
ನಕ್ಷತ್ರಗಳಿಗೆ ಹೆಡ್‌ಲೈಟು ಬಿಡುತ್ತಿತ್ತು,
ಸಾಕಪ್ಪಾ ಸಾಕು ಎನ್ನುತ್ತಿತ್ತು ಮೈಯಲ್ಲೇ.
ಅವ್ವನ ಕತ್ತೆಗಾಡಿಗಂತೂ ತಕ್ಕಡಿ ಬೇಕಿರಲಿಲ್ಲ,
ಎಡಗತ್ತೆಯ ಕಿವಿ ನೋಡಿದರಾಯಿತು.
ಕಿವಿ ಹಿಂದಕ್ಕೆ ಬಿದ್ದರೆ
ಒಂದು ಕ್ಯಾನು ನೀರು ಕೆಳಗೆ.

ಇದು ಹಾಗಲ್ಲ. ಇದರದು ಗಾಳಿಯ ಕಾಲು.
ನಾಲ್ಕು ರಬ್ಬರು ಚೀಲ, ಮೂಲೆಗೊಂದು ಚಾಡಿಕೋರ ಸಲಾಕೆ;
ತಗ್ಗಿತು ಅಂತ ಅದು ಹೇಳಿದ್ದೇ ತಡ
ಅಡಿಯಲ್ಲೆಲ್ಲೋ ಕಂಪ್ರೆಸರು ಕಿರ್ರನೆ ಎದ್ದು
ಇನ್ನಷ್ಟು ಗಾಳಿ ತುರುಕಿ
ಬೆನ್ನು ನೆಟ್ಟಗೆ ಮಾಡುತ್ತದೆ.
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು
ಏನೂ ಆಗಿಲ್ಲವೆಂಬಂತೆ ನಿಲ್ಲುವ ಗಾಡಿ.
ಆದರೆ ಆಕ್ಸಲ್ಲಿಗೆ ಗೊತ್ತು. ಟೈರಿಗೆ ಗೊತ್ತು.
ಇಳಿಜಾರಿನಲ್ಲಿ ಸುಟ್ಟವಾಸನೆ ಬಿಡುವ ಬ್ರೇಕಿಗೆ ಗೊತ್ತು.

ತೂಗೋಣ, ಅಂದೆ ಈ ಸಲ.
ದನದ ಹರಾಜಿನಂಗಳದಲ್ಲಿ ಲಾರಿ ತೂಗುವ ಹಾಸು.
ಸೋಮವಾರ, ಹರಾಜಿಲ್ಲ, ಸಗಣಿ ಒಣಗಿತ್ತು.
ಕಾವಲಿನ ನಾರಿಸೆಬ್ ತೋಳಿನಿಂದ ಗಾಜು ಒರೆಸಿ ಓದಿದ:
ಮೂರು ಸಾವಿರದ ನಾನೂರ ಎಂಬತ್ತು.
ಬಾಗಿಲ ಚೌಕಟ್ಟಿನ ತಗಡು ಹೇಳುವ ಮಿತಿಗಿಂತ
ಇನ್ನೂರೈವತ್ತು ಕಿಲೋ ಮೇಲೆ.
'ನಾನು ಇಳಿದರೆ?' ಕೇಳಿದಳು.
'ಮತ್ತೆ ಓಡಿಸುವವರು ಯಾರು?' ಅಂದ ನಾರಿಸೆಬ್.

ಇಳಿಸುತ್ತಾ ಹೋದೆವು. ಏಣಿ. ಡೇರೆ. ಫ್ರಿಜ್ಜು.
ಯಾವ ಲಾರಿಯದೋ ಒಂದು ಜ್ಯಾಕು.
ತಳದಲ್ಲೊಂದು ಮರದ ಪೆಟ್ಟಿಗೆ, ಎತ್ತಲು ಇಬ್ಬರು ಬೇಕಾಯಿತು.
ಒಳಗೆ ಬೋರು ಕೊರೆದಾಗ ಬಂದ ಕಲ್ಲಿನ ಉರುಳೆಗಳು,
ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಆಳ:
ನಲವತ್ತೆರಡು ಮೀಟರು, ಒಣ.
ಅರವತ್ತು, ಒಣ.
ಎಪ್ಪತ್ತೊಂದು. ಮುಂದೆ ಬರೆದಿರಲಿಲ್ಲ.
ಏವಾಲ್ಟನ ಅಕ್ಷರ; ನನ್ನ ಗೋಡೆಯ ಮೇಲೂ ಇದೆ,
ಅವನೇ ಗೀಚಿದ ಫೋನ್ ನಂಬರು.
'ಇದಿರಲಿ,' ಅಂದಳು.
ಮೂವತ್ತೆಂಟು ಕಿಲೋ.

ನನ್ನದು ಲೆಕ್ಕದ ಬುದ್ಧಿ.
ಹಾಗಾದರೆ ವಿಂಚು ಬಿಚ್ಚೋಣ, ಅಂದೆ,
ಎರಡನೇ ಸ್ಟೆಪ್ನಿಯೂ ಇಲ್ಲೇ ಇರಲಿ,
ಪೆಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿ ಕಟ್ಟೋಣ, ಕೆಳಗೆ, ನಡುವೆ.
ಇನ್ನೊಂದು ಮಾತು:
ಹೊವಾನಿಬ್ ಹೊಳೆಪಾತ್ರದಲ್ಲಿ ಹೆದರಿಕೆಗೆ
ಗುಂಡಿ ಒತ್ತಿ ಒತ್ತಿ ಎತ್ತರಕ್ಕೇರಿಸಬೇಡ.
ತೀರಾ ಮೇಲೆದ್ದ ಚೀಲವೆಂದರೆ ಉಸಿರು ಬಿಗಿಹಿಡಿದ ಎದೆ,
ಕುಲುಕುವುದಕ್ಕೆ ಅದಕ್ಕೆ ಜಾಗವೇ ಉಳಿದಿರುವುದಿಲ್ಲ,
ಪೆಟ್ಟೆಲ್ಲ ನೇರ ಎಲುಬಿಗೆ.
ಬಂಡೆ ದಾಟಿದೆಯೋ, ಇಳಿಸು.

ಕೇಳಿಸಿಕೊಂಡಳೋ ಇಲ್ಲವೋ,
ಉರುಳೆಗಳನ್ನು ಆಳದ ಕ್ರಮಕ್ಕೆ ಜೋಡಿಸುತ್ತಿದ್ದಳು.

ರಾತ್ರಿ ಗಾಡಿ ನನ್ನಂಗಳದಲ್ಲೇ ನಿಂತಿತು.
ಕೀಲಿ ತೆಗೆಯುವ ಮುನ್ನ ಏನೋ ಒತ್ತಿದಳು;
ಉಸ್ಸೆಂದು ಉದ್ದಕ್ಕೆ ಉಸಿರು ಬಿಟ್ಟು,
ಮೊದಲು ಹಿಂದೆ, ಆಮೇಲೆ ಮುಂದೆ,
ಕೂತಿತು ಗಾಡಿ.
ಎಂಟು ವರ್ಷದಲ್ಲಿ ಅದು ಕೂತದ್ದು ನಾನು ಕಂಡಿರಲಿಲ್ಲ.

ಬೆಳಗಿನ ಐದಕ್ಕೆ ಕಂಪ್ರೆಸರಿನ ಕಿರ್ರು, ಗೇಟಿನ ಸದ್ದು.
ಕಾಫಿ ಲೋಟ ಹಿಡಿದು ಹೊರಬಂದರೆ
ಮರಳಿನಲ್ಲಿ ನಾಲ್ಕು ಗುಂಡಿ,
ಹಿಂದಿನವೆರಡು ಕೊಂಚ ಆಳ.
ಎಡಗಡೆಯದರಲ್ಲಿ ಕೋಳಿಯೊಂದು ಇಳಿದು
ಏನೋ ಸಿಕ್ಕೀತೆಂದು ಕೆದಕುತ್ತಿತ್ತು.