ಮುಳ್ಳೋ ಹತ್ತಿಯೋ

ಬಾಂಬೋಳಿಯ ಗುಡ್ಡದ ಮೇಲೆ ರಾತ್ರಿ ಎರಡೂಕಾಲು.
ಸ್ಟ್ರೆಚರಿನ ಮೇಲೆ ಸಾಬಣ್ಣ, ಶಹಾಪುರದ ಕಡೆಯವನು.
ಕೊರಳಿಗೆ ಗಟ್ಟಿ ಪಟ್ಟಿ, ತಲೆಯ ಆಚೀಚೆ ಮರಳಿನ ಚೀಲ.
ಅವನ ಪಾಲಿಗೆ ಈಗ ಲೋಕವೆಂದರೆ ಒಂದು ಟ್ಯೂಬ್‌ಲೈಟು
ಮತ್ತೆ ಬಾಗಿದವರ ಗದ್ದ.

ಚಿರೆಕಲ್ಲು ಕೊಯ್ಯುವ ಮಿಷನ್ನಿನವ.
ಡಿಚೋಲಿಯ ಆಚೆ ಬಿಟ್ಟುಹೋದ ಕ್ವಾರಿಯೊಂದು,
ಮೂರು ವರ್ಷದ ಕೆಳಗೆ ಇವನೇ ಇಳಿಸಿದ್ದು,
ಹದಿನಾರು ಸಾಲು ಆಳ.
ಮಳೆನೀರು ನಿಂತು ಹಸಿರಾಗಿತ್ತು.
ಭಾನುವಾರ, ಸೆಖೆ. ಆಳ ಬಲ್ಲವನ ಧೈರ್ಯದಲ್ಲಿ
ತಲೆ ಮುಂದಾಗಿ ಹಾರಿದ.
ಅಷ್ಟರಲ್ಲಿ ಕೆಸರು ಹನ್ನೆರಡು ಸಾಲು ಏರಿತ್ತು.
ಕೆಸರನ್ನು ಯಾರೂ ಅಳೆದಿರಲಿಲ್ಲ.

ಡಾಕ್ಟರ್ ಫುರ್ತಾದ್ ಪರದೆಯ ಮೇಲೆ ಎರಡು ಬೆರಳು ಅಗಲಿಸಿ
ಐದನೆಯ ಮಣಿಯನ್ನು ಹತ್ತಿರಕ್ಕೆ ಕರೆಯುತ್ತಾರೆ.
ಮುಂಭಾಗ ಜಜ್ಜಿ ಬೆಣೆಯಾಗಿದೆ. ಜಾರಿಲ್ಲ, ತಿರುಚಿಲ್ಲ:
ಒಂದು.
ಹಿಂದಿನ ಕಟ್ಟು ಹರಿದಿದೆಯೋ ಬರೀ ಊದಿದೆಯೋ,
ಎಮ್ಮಾರೈ ಬೆಳ್ಳಗೆ ಮಿನುಗಿ ಸುಮ್ಮನಾಗುತ್ತದೆ.
ಗೊತ್ತಿಲ್ಲ ಎಂಬುದಕ್ಕೂ ಒಂದು.
ಹುರಿ ಪೂರಾ ಸತ್ತಿದ್ದರೆ ಎರಡು.
ಕೂಡಿದರೆ ನಾಲ್ಕು.
ಮೂರಾದರೆ ಪಟ್ಟಿ, ಐದಾದರೆ ಕೊಯ್ತ,
ನಾಲ್ಕಾದರೆ ನಿಮ್ಮ ಮರ್ಜಿ,
ಕೋಷ್ಟಕವೇ ಕೈಚೆಲ್ಲುವ ಜಾಗ ಅದು.

ಸೂಜಿ ಹಿಡಿದು ಕೇಳಿದರು, ತಮ್ಮ ಹಿಂದಿಯಲ್ಲಿ:
“ದುಖ್ತಾ ಹೈ?”
“ನಹೀ ಸಾಬ್.” ಎದೆಯಿಂದ ಕೆಳಗೆ ಎಲ್ಲಕ್ಕೂ ನಹೀ ಸಾಬ್.
ದಿನವಿಡೀ ಕೆಂಪು ಧೂಳಲ್ಲಿ ಗರಗಸ ತಳ್ಳುವವನಿಗೆ
ಸೂಜಿ ಯಾವ ನೋವು?

ನಾನು ಪಕ್ಕದ ಮಂಚದ ಸಲೈನು ಬದಲಿಸುತ್ತಿದ್ದೆ.
ವಾಸ್ಕೋದ ಬಾಯಣೆಯಲ್ಲಿ ಹುಟ್ಟಿದವಳು.
ನನ್ನ ಕನ್ನಡ ಅವ್ವನ ಒಲೆಯ ಮುಂದಿನದು,
ಜಗಳಕ್ಕೂ ಜೋಗುಳಕ್ಕೂ ಸಾಲುವಷ್ಟು;
ನರಗಳ ಹೆಸರು ಅದರಲ್ಲಿಲ್ಲ.
“ಸಿಸ್ಟರ್, ನೀವು ಕೇಳಿ.”

ನೋವು ಎನ್ನಲಿಲ್ಲ ನಾನು. ಮೊಣಕಾಲಿಗೆ ಸೂಜಿ ತಾಗಿಸಿ,
“ಅಣ್ಣಾ, ಮುಳ್ಳೋ, ಹತ್ತಿಯೋ?”
ಅವನು ಹುಡುಕಿದ. ಹುಡುಕುವುದು ಕಣ್ಣಲ್ಲೇ ಕಾಣುತ್ತಿತ್ತು,
ಕತ್ತಲ ಹೊಲದಲ್ಲಿ ಬಿಟ್ಟ ಚಪ್ಪಲಿಗೆ ತಡಕಾಡುವಂತೆ.
“ಹತ್ತಿ ಸೈತ ಇಲ್ಲವ್ವಾ.”
ಪಾದ. “ಇಲ್ಲ.”
ಹೆಬ್ಬೆರಳು. “ಎಲ್ಲೈತಿ ಅದು?”

ಉಳಿದದ್ದು ಒಂದೇ ಜಾಗ.
ಎಲ್ಲ ದೀಪ ಆರಿದ ಮೇಲೂ ಒಮ್ಮೊಮ್ಮೆ
ಓಣಿಯ ಕಡೆಯ ಮನೆಯಲ್ಲಿ ಬೆಳಕಿರುತ್ತದೆ.
ಪರದೆ ಎಳೆದರು. ಕೈಗವಸು.
ಅವನ ಹೆಂಡತಿ ಮಾನಮ್ಮನನ್ನು ಹೊರಗೆ ಕಳಿಸಿ
ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಕೇಳಿದೆ:
“ತಪ್ಪು ತಿಳೀಬ್ಯಾಡ. ಕುಂಡ್ರೋ ಜಾಗದಾಗ
ಏನರ ಗೊತ್ತಾಗತೈತೇನು?”

ಮಾನಿಟರಿನ ಬೀಪು. ಬೀಪು.
“ತಂಗಿ ಮುಂದ ಹೇಳೂ ಮಾತಲ್ಲವ್ವಾ ಅದು.
ನಾಚಿಕಿ ಬರ್ತದ. ಕೈ ತೆಗೀರಿ ಅನ್ನು ಅವರಿಗೆ.”

ಅನುವಾದಿಸಿದೆ: ಇದೆ, ಡಾಕ್ಟರ್.

ವಿಚಿತ್ರ ಲೆಕ್ಕ.
ಪೂರಾ ಹೋದವನಿಗೆ ಎರಡು, ಚೂರು ಉಳಿದವನಿಗೆ ಮೂರು.
ಇನ್ನೂ ಕಳಕೊಳ್ಳಲಿಕ್ಕೆ ಇದ್ದವನಿಗೇ ಹೆಚ್ಚು.
ನಾಲ್ಕನ್ನು ಹೊಡೆದು ಐದು ಬರೆದರು.
ನಾಚಿಕೆಗೆ ಸಿಕ್ಕ ಅಂಕ ಅದು,
ಕಾಗದದಲ್ಲಿ ಹಾಗೆ ಬರೆಯುವುದಿಲ್ಲ.

“ಮುಂದಿಂದೋ, ಹಿಂದಿಂದೋ?”
ಸಾಬಣ್ಣನೇ ಕೇಳಿದ. ಕಲ್ಲಿನವನ ಪ್ರಶ್ನೆ.
“ಜಜ್ಜಿದ್ದು ಮುಂದ ಐತಿ, ಮುಂದಿಂದನ ಹೋಗ್ತಾರ.
ಕೊರಳಿನ ಎಡಕ್ಕ ಕೊಯ್ದು, ಅನ್ನದ ನಾಳ ಒಂದು ಕಡಿ ಸರಿಸಿ.
ದನಿಯ ನರ ಅಲ್ಲೇ ಹತ್ತಿರ. ಕೆಲವು ದಿನ ದನಿ ಒಡೀಬಹುದು.”
“ಹೂಂ. ಕಲ್ಲೂ ಹಂಗೇ, ಬಿರುಕು ಕಂಡ ಕಡೆಯಿಂದ.”
ಆಮೇಲೆ, “ಕಾಲು?”

ಆ ಒಂದು ಪದ ಡಾಕ್ಟರಿಗೂ ತಿಳಿಯಿತು.
ನನ್ನತ್ತ ನೋಡಿದರು.
ನಾನು ಸೂಜಿಯನ್ನು ಡಬ್ಬಿಗೆ ಹಾಕಿದೆ.

ಲಿಫ್ಟಿನ ಬಾಗಿಲಲ್ಲಿ ಮಾನಮ್ಮ:
“ಒಳಗ ಏನಂದ?”
“ನಾಚ್ಕೊಂಡ.”
“ಹಂಗಿದ್ರ ಅಂವ ಅಂವನೇ ಇದಾನ,” ಅಂದಳು,
ಹೆಬ್ಬೆಟ್ಟಿನ ಮಸಿ ಸೆರಗಿಗೆ ಒರೆಸುತ್ತ.