ಇಸಿಲಕ್ಕೆ ಹೋಗಿ ಬಂದದ್ದು

ದಾವಣಗೆರೆಯಲ್ಲಿ ಆರಕ್ಕೆ ಹತ್ತಿದ ಬಸ್ಸು
ಚಳ್ಳಕೆರೆಯಲ್ಲಿ ಅರ್ಧ ತಾಸು ಸುಮ್ಮನೆ ನಿಂತಿತು.
ಕಾಲ ಬಳಿ ಚೀಲ: ಐದು ಡಬ್ಬಿ ಎನಾಮಲ್,
ಟರ್ಪೆಂಟೈನ್, ಒರೆಸಲು ಹಳೇ ಬನೀನು,
ಬೇರೆ ಯಾರೂ ಮುಟ್ಟಕೂಡದ ಎರಡು ಬ್ರಷ್ಷು.

ಸಿದ್ದಾಪುರದ ಮೇಷ್ಟ್ರು ಫೋನಿನಲ್ಲಿ ಹೇಳಿದ್ದು:
"ಶಾಲೆ ಕಾಂಪೌಂಡಿಗೆ ಎರಡು ಸಾಲು ಅಕ್ಷರ ಬರೀಬೇಕು.
ಮೇಲೆ ನಮ್ಮದು, ಕೆಳಗೆ ಅಶೋಕನ ಕಾಲದ್ದು.
ಫ್ಲೆಕ್ಸು ಬೇಡ, ಈ ಬಿಸಿಲಿಗೆ ಮೂರೇ ತಿಂಗಳು."
ಆ ಕೊನೇ ಮಾತಿಗೇ ನಾನು ಒಪ್ಪಿಕೊಂಡೆ.
ಹೋದ ದೀಪಾವಳಿಯಿಂದ ಬಲಗೈ ನಡುಗುತ್ತದೆ
ಎಂಬುದನ್ನು ಹೇಳಲಿಲ್ಲ.

ಸಣ್ಣ ಊರು.
ಒಂದು ಹಾಲಿನ ಡೈರಿ, ಒಂದು ಪಂಕ್ಚರ್ ಅಂಗಡಿ,
ಬಂಡೆಗುಡ್ಡದ ನೆರಳು ಸರಿದಂತೆ
ಕಟ್ಟೆ ಬದಲಿಸುವ ನಾಲ್ಕು ಮಂದಿ.
ಶೇಂಗಾ ಹೊಲದ ಬದುವಿನಲ್ಲಿ ಮೋರ್ಯರ ಮನೆ:
ಸುತ್ತ ಚಪ್ಪಡಿ, ಮೇಲೊಂದು ಚಪ್ಪಡಿ,
ಒಳಗೆ ಈಗ ತಾಯಿನಾಯಿ, ಕಣ್ಣು ಬಿಡದ ಮೂರು ಮರಿ.
ಇಸಿಲ ಎಂಬ ಪಟ್ಟಣ ಇದ್ದದ್ದು ಇಲ್ಲೇ ಅಂತೆ.
ಚಪ್ಪಲಿಯಲ್ಲಿ ಕೆದಕಿದರೆ ಸಾಕು,
ಹೊರಗೆ ಕೆಂಪು, ಒಳಗೆ ಕಪ್ಪು, ಬೋಕಿ ಏಳುತ್ತದೆ.
ಯಾವುದೋ ಗಡಿಗೆಯ ಅಂಚು.
ಹೆಬ್ಬೆರಳು ಇಟ್ಟೆ, ಸರಿಯಾಗಿ ಕೂತಿತು.

ಕಾವಲಿನ ಪಾಲಯ್ಯ ರಾಯದುರ್ಗಕ್ಕೆ, ಬೀಗರ ಮನೆಗೆ ಹೋಗಿದ್ದ.
ಬೀಗದ ಕೈ ಮಾತ್ರ ಅವನ ಅತ್ತೆ ಓಬಳಮ್ಮನ
ಸೆರಗಿನ ಗಂಟಿನಲ್ಲಿತ್ತು,
ಎಲೆಯಡಿಕೆಯ ಜೊತೆ.
ಕಂಬಿಬಾಗಿಲು ತೆಗೆದು, ಮೊದಲು ಓತಿಕ್ಯಾತನನ್ನು ಓಡಿಸಿ,
"ಇದೇ ನೋಡಪ್ಪ ಅಕ್ಷರಗುಂಡು" ಅಂದಳು,
ಮನೆಯ ಮಗುವನ್ನು ತೋರಿಸಿದ ಹಾಗೆ.

ಕೂಡಿಸುವ ಗುರುತಿನಂಥದ್ದು ಕ.
ಗುಡಿಸಲಿನ ಸೂರಿನಂಥದ್ದು ಗ.
ಸೊನ್ನೆಯಂಥದ್ದು ಠ, ನಮ್ಮದೂ ಹೆಚ್ಚು ದೂರ ಹೋಗಿಲ್ಲ.
ಸಾಲು ನೇರವಾಗಿಲ್ಲ ಎಂದು ಕಣ್ಣು ತಾನಾಗಿಯೇ ಹೇಳಿತು.
ದಾರ ಹಿಡಿದು ಸೀಮೆಸುಣ್ಣದ ಗೆರೆ ಹೊಡೆಯಬಾರದಿತ್ತೇ
ಎಂದುಕೊಂಡು, ನಗು ಬಂದು, ಸುಮ್ಮನಾದೆ.

"ಏನೈತಪ್ಪ ಅದ್ರಾಗೆ?"
ಮೇಷ್ಟ್ರ ಜೆರಾಕ್ಸು ಹಾಳೆ ನೋಡಿ ಓದಿದೆ.
ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ.
ಮೊದಲನೇ ಮಾತು: ಆರೋಗ್ಯವೇ?
"ಆರಾಮಿದೀರಾ ಅಂತಾನಾ?
ಅಷ್ಟು ಕೇಳಾಕೆ ಇಷ್ಟು ದೊಡ್ಡ ಕಲ್ಲೇ!"
ಓಬಳಮ್ಮ ಬಾಯಿ ಮುಚ್ಚಿ ನಕ್ಕಳು.
ಆಮೇಲೆ ನಗಲಿಲ್ಲ.
ಅವಳ ಅಜ್ಜಿಯ ಕಾಲದಲ್ಲಿ ದನ ಮೇವು ಬಿಟ್ಟರೆ
ಈ ಅಕ್ಷರದ ಮೇಲೆ ನೀರು ಸುರಿದು
ಹರಿದದ್ದನ್ನು ಹಿಡಿದು ಕುಡಿಸುತ್ತಿದ್ದರಂತೆ.
"ಏಳ್ತಿದ್ವಾ?"
"ಕೆಲವು ಏಳ್ತಿದ್ವು."

ಕೊನೆಗೆ ಬರೆದವನ ಹೆಸರು.
ಹೆಸರಿನ ಮುಂದಿನ ಪದ ಮಾತ್ರ ಬೇರೆ ಲಿಪಿ,
ಬಲದಿಂದ ಎಡಕ್ಕೆ.
ಎಲ್ಲಿಂದಲೋ ಬಂದವನು, ಇಲ್ಲಿ ಯಾರೂ ಓದಲಾರರೆಂದು ಗೊತ್ತಿದ್ದೂ
ತನ್ನ ಕಡೆಯ ಅಕ್ಷರದಲ್ಲೇ ಕೊರೆದು ಹೋಗಿದ್ದಾನೆ.
ನಾನೂ ಮೂವತ್ತು ವರ್ಷ
ಬೋರ್ಡಿನ ಮೂಲೆಯಲ್ಲಿ 'ರುದ್ರೇಶಿ ಆರ್ಟ್ಸ್' ಎಂದು ಬರೆದವನೇ.
ಕಿರಾಣಿ ಅಂಗಡಿಯ ಸಾಹುಕಾರ ಅಳಿಸು ಅಂದಾಗ
ಇನ್ನೂ ಸಣ್ಣಗೆ ಬರೆದು ಉಳಿಸಿಕೊಂಡವನು.

ಮರುದಿನ ಗೋಡೆ.
ಮಕ್ಕಳೆಲ್ಲ ಹಿಂದೆ ಸಾಲಾಗಿ ಕೂತಿದ್ದರು.
ಯ ಮುಗಿಯಿತು. ಅಶೋಕನ ರ ಬಂತು.
ಬರೀ ಒಂದು ನಿಂತ ಗೆರೆ,
ಎಲ್ಲಕ್ಕಿಂತ ಸುಲಭದ್ದು.
ಅಲ್ಲೇ ಕೈ ನಡುಗಿ
ನಡುವೆ ಸಣ್ಣದೊಂದು ಕೊಂಕು ಬಿತ್ತು.
ಬನೀನು ಹುಡುಕುತ್ತಿದ್ದೆ, ಒರೆಸಲು.
ಮೂಗುಬೊಟ್ಟಿನ ಒಂದು ಹುಡುಗಿ ಎದ್ದು ಬಂದು
ಗೆರೆಯ ಹತ್ತಿರ ಮುಖ ತಂದು ಹೇಳಿತು:
"ಗುಂಡಿನ ಮ್ಯಾಲೂ ಅದು ಹಂಗೇ ಐತೆ."

ಒರೆಸಲಿಲ್ಲ.
ಸಂಜೆಗೆ ಎರಡೂ ಸಾಲು ಮುಗಿದು
ಹೆಸರಿಗೆಂದು ಬಿಟ್ಟ ಮೂಲೆ ಖಾಲಿಯಿತ್ತು.
ಮೇಕೆ ಹೊಡೆದುಕೊಂಡು ಹೋಗುತ್ತ ಓಬಳಮ್ಮ
ರಸ್ತೆಯಿಂದಲೇ ಕೂಗಿದಳು, ಆರಾಮೇನಪ್ಪ?
ಬ್ರಷ್ಷು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ.
ತಲೆಯಾಡಿಸಿದೆ.